ತಂತಿ ಕಿತ್ತಿಟ್ಟ ಮೇಲೆ ಕೇಳಿದ ಬೀಪ್

ಜಿನ್ನು, ದೆವ್ವ, ಶಕುನ ಎಂಬ ಮಾತು ಬಂದರೆ ಎದ್ದು ಟೀ ಇಡಲು ಹೋಗುವವಳು ನಾನು. ನಮ್ಮ ನಾನಿ ಹೇಳುತ್ತಿದ್ದ ಜಿನ್ನಿನ ಕಥೆಗಳಿಗೆ ಚಿಕ್ಕಂದಿನಲ್ಲೇ ಅಡ್ಡಪ್ರಶ್ನೆ ಹಾಕಿ ಬೈಸಿಕೊಂಡಿದ್ದೇನೆ. ಬಿ.ಎಸ್ಸಿ. ಮುಗಿಸಿದ ಮೇಲಂತೂ ಕೇಳಲೇಬೇಡಿ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ಐದಾರು ವರ್ಷದ ಹಿಂದಿನ ಮಾತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಂದು ಚಾಕಿ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಆಗತಾನೆ ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಕಳೆಯುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ತಟ್ಟೆ ಮುಟ್ಟುವುದಿಲ್ಲ, ಸುಣ್ಣದ ಪುಡಿ ಎರಚಿ ಕೋಣೆಯನ್ನು ಒಣಗಲು ಬಿಡುತ್ತಾರೆ. ಹತ್ತಿರದಲ್ಲಿ ಗಟ್ಟಿಯಾಗಿ ಮಾತನಾಡುವುದೂ ಇಲ್ಲ.

ಹುಳುಗಳ ಜವಾಬ್ದಾರಿ ನರಸಮ್ಮನವರದು. ನಾನು ನರಸಕ್ಕ ಎನ್ನುತ್ತಿದ್ದೆ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಕೋಣೆಯ ಬಾಗಿಲು ತೆರೆದು, ಕೆನ್ನೆಗೆ ತಾಗಿದ ಗಾಳಿಯಿಂದಲೇ ಒಳಗೆ ಎಷ್ಟು ಶಾಖವಿದೆ ಎಂದು ಹೇಳಿಬಿಡುತ್ತಿದ್ದರು. ಆ ವರ್ಷ ಮಾಲೀಕರು ಹೊಸ ವ್ಯವಸ್ಥೆ ಹಾಕಿಸಿದರು. ಕೋಣೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ತೂಗುಬಿಟ್ಟರು. ಅದು ಹೇಳಿದಂತೆ ಹೀಟರ್ ಉರಿಯುವುದು, ಆರುವುದು. ಹೆಚ್ಚುಕಡಿಮೆಯಾದರೆ ನನ್ನ ಮೇಜಿನ ಕಂಪ್ಯೂಟರ್ ಬೀಪ್ ಬೀಪ್ ಎಂದು ಕೂಗುವುದು. "ಇನ್ಮೇಲೆ ನರಸಮ್ಮಂಗೆ ರೆಸ್ಟು" ಎಂದು ಮಾಲೀಕರು ನಗುತ್ತಾ ಹೇಳಿದರು. ನರಸಕ್ಕ ನಗಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಬೇರೆ ಕೆಲಸ ಗೊತ್ತಿಲ್ಲ. ಅಲ್ಲಿಂದ ಕಳಿಸಿಬಿಟ್ಟರೆ ಎಲ್ಲಿಗೆ ಹೋಗಬೇಕು?

ಮೇಯುವ ದಿನಗಳಲ್ಲಿ ಎಲ್ಲ ಸರಿಯಿತ್ತು. ಎರಡನೇ ಜ್ವರಕ್ಕೆ ಕೂತಾಗ ಶುರುವಾಯಿತು ನೋಡಿ. ಕೋಣೆಯನ್ನು ಒಣಗಿಸಿದ್ದು ಬೇಕೆಂದೇ ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ತೇವ ಕಡಿಮೆ, ತೇವ ಕಡಿಮೆ ಎಂದು ಒಂದೇ ಸಮನೆ ಬಡಿದುಕೊಂಡಿತು. ಅದನ್ನು ಜೋಡಿಸಿದವನು ಫೋನ್ ಎತ್ತಲಿಲ್ಲ. ಪ್ರತಿ ಸಲ ಕೂಗಿದಾಗಲೂ ಮಾಲೀಕರು ಅಂಗಳದಿಂದಲೇ, "ಏನ್ ಮಾಡ್ಬಿಟ್ಯಮ್ಮ ನರಸಮ್ಮ?" ಎನ್ನುವರು. ನರಸಕ್ಕ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, "ಹುಳ ಜ್ವರಕ್ಕೆ ಕೂತವೆ, ಅದ್ರ ಬಾಯಿ ಮುಚ್ಸಮ್ಮ ತಾಯಿ" ಎಂದರು. ನನಗೂ ತಲೆ ಸಿಡಿಯುತ್ತಿತ್ತು. ಶಬ್ದ ಸೊನ್ನೆಗೆ ಇಳಿಸಿದೆ, ಅದು ತಾನೇ ಏರಿಸಿಕೊಂಡಿತು. ಕೊನೆಗೆ ಸ್ಪೀಕರಿನ ತಂತಿ ಕಿತ್ತು, ಸುತ್ತಿ, ಸ್ಪೀಕರನ್ನೂ ಡ್ರಾಯರಿಗೆ ಹಾಕಿದೆ. ಆ ಕಂಪ್ಯೂಟರಿಗೆ ಬೇರೆ ಬಾಯಿ ಇರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೆರೆದು ಕೂತಿದ್ದೆ. ಮಾಲೀಕರು ಗೌರಿಬಿದನೂರಿಗೆ ಹೋಗಿದ್ದರು. ಬೀಪ್ ಕೇಳಿಸಿತು. ಮೂರು ಸಲ ಕೂಗುವುದು, ಸ್ವಲ್ಪ ನಿಲ್ಲುವುದು, ಮತ್ತೆ ಮೂರು ಸಲ. ಅದೇ ಸದ್ದು, ಬೇರೆಯದೆನ್ನುವಂತಿರಲಿಲ್ಲ. ಡ್ರಾಯರ್ ಎಳೆದು ನೋಡಿದೆ. ಸ್ಪೀಕರ್ ಇಟ್ಟಲ್ಲೇ ಇತ್ತು, ತಂತಿ ಸುತ್ತಿದಂತೆಯೇ ಇತ್ತು. ಪರದೆಯ ಮೇಲೆ ಶಾಖ ಇಪ್ಪತ್ತೇಳು, ಎಲ್ಲ ಹಸಿರು. ನನ್ನ ಫೋನ್ ಬ್ಯಾಗಿನಲ್ಲಿ ಆರಿಹೋಗಿತ್ತು. ಆದರೂ ಕೂಗುತ್ತಲೇ ಇತ್ತು.

ಎದ್ದು ಹೊರಗೆ ಬಂದೆ. ನರಸಕ್ಕ ಹುಳುವಿನ ಕೋಣೆಯ ಬಾಗಿಲ ಪಕ್ಕದಲ್ಲೇ ಕೂತು ಸೊಪ್ಪು ಹೆಚ್ಚುವ ಕತ್ತಿಯನ್ನು ಒರೆಸುತ್ತಿದ್ದರು. "ನರಸಕ್ಕ, ನಿಮಗೆ ಕೇಳಿಸ್ತಾ ಇದ್ಯಾ?" ಎಂದೆ. "ಏನು?" ಎಂದರು. "ಬೀಪ್ ಅಂತಿದೆಯಲ್ಲ." ಅವರು ಕಿವಿಗೊಟ್ಟು ಕೇಳಿ, ತಲೆಯಾಡಿಸಿ, "ಏನೂ ಇಲ್ಲಮ್ಮ. ಹೋಗು, ಉಣ್ಣೋಗು" ಎಂದರು. ಆ ಮಾತಿನ ಹಿಂದೆಯೇ ನನಗೆ ಮತ್ತೆ ಮೂರು ಸಲ ಕೇಳಿಸಿತು. ನಿಜ ಹೇಳುತ್ತೇನೆ, ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಒಂದು ಸಲ ನೋಡಿಯೇ ಬಿಡೋಣ ಎಂದು ಕೋಣೆಯ ಬಾಗಿಲು ತಳ್ಳಿದೆ.

ಒಲೆಯ ಮುಂದೆ ನಿಂತಂತಾಯಿತು. ಹೀಟರ್ ಕೆಂಪಗೆ ಉರಿಯುತ್ತಿತ್ತು. ಗೋಡೆಯ ಹಳೆಯ ಥರ್ಮಾಮೀಟರಿನಲ್ಲಿ ಮೂವತ್ತನಾಲ್ಕು ದಾಟಿತ್ತು. ಸೆನ್ಸರಿಗೆ ಒದ್ದೆ ಬಟ್ಟೆ ಸುತ್ತಿತ್ತು. ಒದ್ದೆ ಬಟ್ಟೆಯೊಳಗಿನ ತಂಪನ್ನೇ ಕೋಣೆಯ ತಂಪೆಂದು ನಂಬಿ ಅದು ಹೀಟರನ್ನು ಉರಿಸುತ್ತಲೇ ಇತ್ತು, ನನ್ನ ಪರದೆಗೆ ಎಲ್ಲ ಸರಿಯಿದೆ ಎಂದು ಹೇಳುತ್ತಲೇ ಇತ್ತು. ಹಿಂದೆಯೇ ಓಡಿಬಂದ ನರಸಕ್ಕ ಬಟ್ಟೆ ಕಿತ್ತು, ಹೀಟರ್ ಆರಿಸಿ, ಮೇಲಿನ ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಆ ಹೊತ್ತಿಗೆ ನನ್ನ ಕಿವಿಯಲ್ಲಿ ಸದ್ದಿರಲಿಲ್ಲ. ಯಾವಾಗ ನಿಂತಿತೋ ತಿಳಿಯದು.

"ತೇವ ಅಂತ ತಾನೇ ಅದು ಬಡ್ಕೊತಿದ್ದಿದ್ದು? ತೇವ ಕೊಟ್ರೆ ಸುಮ್ನಾಗ್ತದೆ ಅನ್ಕೊಂಡೆ" ಎಂದು ನರಸಕ್ಕ ಅತ್ತರು. ನಾನು ತಂತಿ ಕಿತ್ತದ್ದು ಅವರಿಗೆ ಗೊತ್ತಿರಲಿಲ್ಲ, ಅವರು ಬಟ್ಟೆ ಸುತ್ತಿದ್ದು ನನಗೆ ಗೊತ್ತಿರಲಿಲ್ಲ. ಇಡೀ ಸಂಜೆ ಇಬ್ಬರೂ ತಟ್ಟೆಗಳ ಮುಂದೆ ಕೂತೆವು. ಬೆಳಿಗ್ಗೆ ಹುಳುಗಳು ಒಂದೊಂದಾಗಿ ಜ್ವರದಿಂದ ಎದ್ದು ಸೊಪ್ಪಿಗೆ ತಲೆಯಾಡಿಸಿದವು. ಮಾಲೀಕರಿಗೆ, ಹೀಟರ್ ಕೆಟ್ಟಿತ್ತು, ನರಸಕ್ಕನೇ ಕಂಡುಹಿಡಿದರು ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಅವರನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ.

ಕಂಪ್ಯೂಟರಿನಲ್ಲಿ ಆ ದಿನದ ದಾಖಲೆ ತೆಗೆದು ನೋಡಿದೆ. ಒಂದೇ ಒಂದು ಎಚ್ಚರಿಕೆಯೂ ಇರಲಿಲ್ಲ. ಹಿಂದಿನ ದಿನದ ಸದ್ದು ಕಿವಿಯಲ್ಲಿ ಉಳಿದಿತ್ತು ಎನ್ನಬಹುದು. ಹಾಗಿದ್ದರೆ ಸರಿಯಾಗಿ ಆ ಗಳಿಗೆಯಲ್ಲೇ ಏಕೆ? ಎಷ್ಟು ಯೋಚಿಸಿದರೂ ಇಲ್ಲಿಂದ ಮುಂದಕ್ಕೆ ನನ್ನ ಬಿ.ಎಸ್ಸಿ. ಹೋಗುವುದಿಲ್ಲ.

ಹುಳುಗಳನ್ನು ರೈತರಿಗೆ ಕೊಟ್ಟು ಕೋಣೆ ತೊಳೆದ ದಿನ ನರಸಕ್ಕ ನನ್ನ ಪಕ್ಕ ಬಂದು ಕೂತರು. "ನಾನು ಬಾಗ್ಲಲ್ಲೇ ಇದ್ನಲ್ಲಮ್ಮ. ಇಷ್ಟ್ ವರ್ಷ ಅವುನ್ನ ನೋಡ್ದೋಳು ನಾನು. ನನಗ್ಯಾಕೆ ಕೇಳಿಸ್ಲಿಲ್ಲ?" ಎಂದರು.

ಸಂಬಳಕ್ಕೆ ಬಂದು ಕೂತವಳು ನಾನು, ಅಲ್ಲಿಯವರೆಗೆ ಒಂದು ಹುಳುವನ್ನೂ ಕೈಯಿಂದ ಮುಟ್ಟಿದವಳಲ್ಲ. ಅವರ ಮುಖ ನೋಡಲಾರದೆ, "ನನಗೂ ಏನೂ ಕೇಳಿಸಿರ್ಲಿಲ್ಲ ನರಸಕ್ಕ. ಸುಮ್ಮನೆ ಬಾಗಿಲು ತೆಗೆದೆ ಅಷ್ಟೇ" ಎಂದೆ.

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಕೇಳಿಸ್ತದಾ ಅಂತ ಬಂದು ನನ್ನ ಕೇಳ್ದಲ್ಲಮ್ಮ" ಎಂದರು.