ಜ್ವರ ಬಾರದ ಹುಳುಗಳು

ಮೊನ್ನೆ ಕನಕಪುರದಿಂದ ಬರುವಾಗ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿಯೇ ಇಟ್ಟರು. ಒದ್ದೆ ಗೋಣಿಯ ಜೊತೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಲೆಕ್ಕದ ಮೇಷ್ಟ್ರು ನೆನಪಾದರು. ನಾನು ಸ್ಕೂಲು ಬಿಡದೆ ಉಳಿದದ್ದು ಅಂಥದೇ ಸೊಪ್ಪಿನ ಒಂದು ಲೆಕ್ಕದಿಂದ.

ಕೋಡಿಹಳ್ಳಿ ಕಡೆಯ ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆ ಹುಳು. ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ, ದಶಮಾಂಶ ಶುರುವಾದ ಮೇಲೆ ನಾನು ಟೆಸ್ಟಿನ ಮೇಲೆ ಟೆಸ್ಟು ಫೇಲಾದೆ. ಅಪ್ಪನಿಗೆ ತಲೆ ಕೆಟ್ಟಿತು. "ಪರೀಕ್ಷೇಲೂ ಲೆಕ್ಕದಲ್ಲಿ ಡುಮ್ಕಿ ಹೊಡುದ್ರೆ ಇಸ್ಕೂಲು ಸಾಕು, ಮನೇಲಿ ಸೊಪ್ಪು ಕುಯ್ಕೊಂಡಿರ್ಲಿ" ಅಂದುಬಿಟ್ಟ. ಅವತ್ತಿನಿಂದ ನನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮೇಷ್ಟ್ರು ಮಹಾ ಮುಂಗೋಪಿ. ಸೀಮೆಸುಣ್ಣ ಬೀಸಿದರೆ ಗುರಿ ತಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆದರು: ಒಂದು ತಟ್ಟೆ ರೇಷ್ಮೆ ಹುಳುವಿಗೆ ದಿನಕ್ಕೆ 2.5 ಕೆಜಿ ಸೊಪ್ಪು, ನಾಲ್ಕು ದಿನಕ್ಕೆ ಎಷ್ಟು? ಎಲ್ಲರೂ ಹತ್ತು ಅಂದರು. ನಾನು 7.5 ಅಂದೆ. ಕ್ಲಾಸು ಗೊಳ್ಳೆಂದಿತು. ಕಿವಿ ಹಿಂಡಲು ಬಂದ ಮೇಷ್ಟ್ರು ಯಾಕೋ ಕೈ ತಡೆದು, "ಎಂಗೆ ಬಂತವ್ವ?" ಅಂದರು.

"ಹುಳ ಒಂದಿನ ಜ್ವರಕ್ಕೆ ಕೂತ್ಕತ್ತವಲ್ಲ ಸಾ... ಅವತ್ತು ಸೊಪ್ಪು ಹಾಕಂಗಿಲ್ಲ."

ಹುಳು ಪೊರೆ ಬಿಡುವಾಗ ಏನೂ ತಿನ್ನದೆ ಸುಮ್ಮನಿರುತ್ತದೆ. ಅದಕ್ಕೇ ನಮ್ಮಲ್ಲಿ ಜ್ವರ ಎನ್ನುವುದು. ಮೇಷ್ಟ್ರ ಮನೆಯಲ್ಲೂ ಹುಳು ಇತ್ತು, ಅವರಿಗೆ ಗೊತ್ತಿಲ್ಲದ್ದಲ್ಲ. ಅಲ್ಲೇ ನಿಂತು ಇನ್ನೊಂದು ಕೇಳಿದರು. "ಹಸ ದಿನಕ್ಕೆ ಆರೂವರೆ ಲೀಟರ್ ಹಾಲು ಕೊಟ್ರೆ ಎರಡು ದಿನಕ್ಕೆ?"

"ಹನ್ನೆರಡು ಸಾ."

"ಹದಿಮೂರಾಗ್ಬೇಕಲ್ವೇನವ್ವ?"

"ಕರೂಗೂ ಒಸಿ ಬುಡಬೇಕಲ್ಲ ಸಾ..."

ಆ ಮುಂಗೋಪಿ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನಿಂಗೆ ಲೆಕ್ಕ ಚೆನ್ನಾಗೇ ಬತ್ತದೆ. ಒಂದು ತಿಳ್ಕೊ. ಪರೀಕ್ಷೇಲಿ ಹುಳಕ್ಕೆ ಜ್ವರ ಬರಲ್ಲ ಕಣವ್ವ, ಕರ ಹಾಲು ಕುಡಿಯಲ್ಲ" ಅಂದರು.

ಅಬ್ಬಾ, ಆ ನಿರಾಳ! ನಾನು ದಡ್ಡಿಯಲ್ಲ ಅಂತ ಅದುವರೆಗೆ ಯಾರೂ ಹೇಳಿರಲಿಲ್ಲ. ಆ ಸಂಜೆ ಎರಡು ಮುದ್ದೆ ತಿಂದೆ. ಪರೀಕ್ಷೆಯಲ್ಲಿ ಹುಳು, ಹಸು ಎಲ್ಲವನ್ನೂ ಪುಸ್ತಕದವರ ಇಷ್ಟಕ್ಕೆ ಬಿಟ್ಟು ಪಾಸಾದೆ. ಜೂನಿನಲ್ಲಿ ಅಪ್ಪ ಹೊಸ ಬ್ಯಾಗು ತಂದುಕೊಟ್ಟ...

ಮೊನ್ನೆ ಬಸ್ಸಿಳಿದು ಮನೆಗೆ ಬಂದರೆ ಮಗಳು ಪುಸ್ತಕ ಹಿಡಿದು ಕೂತಿದ್ದಳು. ಮೋಟರು ಒಂದು ಗಂಟೆಗೆ ತೊಟ್ಟಿಯ ಕಾಲು ಭಾಗ ತುಂಬಿಸಿದರೆ ಪೂರ್ತಿ ತುಂಬಲು ಎಷ್ಟು ಹೊತ್ತು?

"ಮಧ್ಯ ಕರೆಂಟ್ ಹೋದ್ರೆ ಅಮ್ಮಾ?" ಅಂದಳು.

ನಗು ತಡೆಯಲಾಗಲಿಲ್ಲ. ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗಲು ಮೇಷ್ಟ್ರು ಇಲ್ಲವಲ್ಲ ಎಂದು ಮರುಗಳಿಗೆಯೇ ಸಂಕಟವೂ ಆಯಿತು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು... ಮಗಳ ಪಕ್ಕ ಕೂತು, ತಲೆ ಮೇಲೆ ಕೈಯಿಟ್ಟೆ.

"ಪರೀಕ್ಷೇಲಿ ಕರೆಂಟ್ ಹೋಗಲ್ಲ ಕಣವ್ವ."