ಸೋಮವಾರ ಕೊಲ್ಲದ ಹುಳ

ಆ ಸೋಮವಾರ ಸಂಜೆ ಶಾಂತಾರಾಮ ಕಾರವಾರದ ಬಸ್ಸಿಳಿದು ಭಾವಿಕೇರಿಯ ಮನೆಗೆ ಬಂದಾಗ ಕೈಯಲ್ಲಿ ಮುಚ್ಚಿದ ಬಾಲ್ದಿಯಿತ್ತು. ಮೀನಿರಬೇಕೆಂದು ಹೆಂಡತಿ ಗೋದಾವರಿ ಮುಚ್ಚಳ ತೆಗೆದಳು. ತೆಗೆದವಳು ಹಿಂದೆ ಸರಿದಳು. ಮುಷ್ಟಿ ಗಾತ್ರದ ಬಸವನಹುಳಗಳು, ಒಂದರ ಮೇಲೊಂದು, ಸಿಂಬಳ ಸುರಿಸುತ್ತ.

"ಥೂ! ಈ ಹೊಲಸ ಮನೀಗೆ ಯಾಕೆ ತಂದ್ರಿ?"

"ನಮ್ಮ ರೋಹಿತ ಸರ್ ಕೊಟ್ಟದ್ದು. ಪರದೇಶದ ಹುಳ ಮಾರಾಯ್ತಿ. ಮಕ್ಕಳಿಗೆ ತೋರಿಸಿ ಆಯ್ತು, ಸುಡು ಅಂದ್ರು. ಕಾಲೇಜಿನ ಹಿತ್ತಲಲ್ಲಿ ಬೆಂಕಿ ಹಾಕೂಕೆ ವಾಚ್‌ಮನ್ ಬಿಡ್ಲಿಲ್ಲ. ಮನೇಲಿ ಉಪ್ಪಿನ ಚೀಲ ಅದೆಯಲ್ಲ, ಉಪ್ಪು ಬಿದ್ರೆ ಸಾಯ್ತವೆ."

"ಹಂಗಾರೆ ಈಗ್ಲೇ ಹಾಕಿ."

"ಇವತ್ತು ಸೋಮವಾರ. ಹೆಸರೇ ಬಸವನಹುಳ. ಮೀನೇ ತಿನ್ನದ ದಿನ ಬಸವನ್ನ ಕೊಲ್ಲೂದಾ? ನಾಳೆ ನೋಡ್ವ."

ಬಾಲ್ದಿ ಬಸಳೆ ಚಪ್ಪರದ ಅಡಿಗೆ ಹೋಯಿತು. ಮುಚ್ಚಳದ ಮೇಲೆ ಒಂದು ಕಲ್ಲು.

ಶಾಂತಾರಾಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಜವಾನ. ಹಾವಿನ ಬಾಟಲಿ ಒರೆಸುವುದು, ಸರ್‌ಗಳ ಚೀಲ ಹೊರುವುದು ಅವನ ಕೆಲಸ. ಊಟಕ್ಕೆ ಕೂತಾಗ ಅಲ್ಲಿಯ ಸುದ್ದಿ ಹೇಳದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ಮೊದಲಿನ ಸರ್‌ಗಳು ಹುಳ ಹುಡುಕೂಕೆ ಗುಡ್ಡ ಹತ್ತಿ ನಡೀತಿದ್ರು. ಈಗ ಎಲ್ಲಾ ಕಂಪ್ಯೂಟರೇ ಅಂತೆ. ಹುಳ ಸಿಕ್ಕಿದ ಕಡೆ ಮಳೆ ಎಷ್ಟು, ಸೆಕೆ ಎಷ್ಟು ಅಂತ ತುಂಬೂದು. ಅಂಥಾದೇ ಮಳೆ, ಸೆಕೆ ಇದ್ದ ಊರೆಲ್ಲ ನಕ್ಷೆಯಲ್ಲಿ ಕೆಂಪಾಗ್ತದೆ. ಭಾವಿಕೇರಿನೂ ಕೆಂಪು!"

"ಇಲ್ಲಿ ಒಂದೂ ಇಲ್ವಲ್ಲ."

"ಇಲ್ಲ. ಇರಬಹುದು ಅಂತ ಅದು."

"ಇರಬಹುದು ಅನ್ನೂಕೆ ಸಂಬಳವಾ ಅವರಿಗೆ?"

ಅವನು ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕ.

ಮರುದಿನ ಬೆಳಿಗ್ಗೆ ಮೀಯಲು ಹೋದವನು ಬಚ್ಚಲಲ್ಲೇ ಎದೆ ಹಿಡಿದುಕೊಂಡು ಬಿದ್ದ. ರಿಕ್ಷಾ ಬರುವುದರೊಳಗೆ ಮುಗಿದಿತ್ತು.

ಹೆಣ ಮೀಯಿಸುವ ನೀರಿಗೆ ಪಾತ್ರೆ ಸಾಲಲಿಲ್ಲ. ಅವನ ತಮ್ಮ ಕೇಶವ ಮನೆಯ ಸುತ್ತ ಹುಡುಕಿ, ಚಪ್ಪರದಡಿಯ ಬಾಲ್ದಿಯನ್ನು ಒಳಗೇನಿದೆಯೆಂದು ನೋಡದೆ ಹಿತ್ತಲಿಗೆ ಬೋರಲು ಹಾಕಿ, ಒಂದು ಸಲ ತೊಳೆದು ತಂದ. ಗೋಡೆಗೊರಗಿದ್ದ ಗೋದಾವರಿ ಅದನ್ನು ಕಂಡಳು. ಕಂಡದ್ದು ತಲೆಗೆ ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಒಂದು ದಿನ ಅದು ತಲೆಗೆ ಹೋಯಿತು. ಆ ಲೋಳೆಯ ಬಾಲ್ದಿಯ ನೀರನ್ನು ಅವನ ಮೈಮೇಲೆ ಹೊಯ್ದಿದ್ದರು.

ಮುಂದಿನ ಮಳೆಗಾಲಕ್ಕೆ ಬಸಳೆ ಬರೀ ದಂಟಾಯಿತು. ಹರಿವೆ ಹೋಯಿತು, ಮೆಣಸಿನ ಸಸಿ ಹೋಯಿತು. ಬಾವಿಕಟ್ಟೆ, ಗೋಡೆ, ಒಣಹಾಕಿದ ಸೀರೆ, ಎಲ್ಲದರ ಮೇಲೂ ಹುಳ. ಕತ್ತಲಲ್ಲಿ ಕಾಲಿಟ್ಟರೆ ಪಚಕ್ಕೆನ್ನುವುದು. ಪಕ್ಕದ ಮನೆಯಲ್ಲಿದ್ದ ಮೈದುನ ಕೇಶವ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಕೂಗುತ್ತಿದ್ದ: "ಇದ ಊರಿಗೆ ತಂದವನ ಕೈ ಕೊಳೀಲಿ!"

ಗೋದಾವರಿ ಬಾಯಿ ಬಿಡಲಿಲ್ಲ. ಬಿಟ್ಟರೆ ಆ ಶಾಪ ಸತ್ತವನ ಮೇಲೆ ಹೋಗಿ ಕೂರುತ್ತಿತ್ತು. ಶಾಂತಾರಾಮ ಯಾರ ಹಿತ್ತಲಿನ ಒಂದು ಮೆಣಸನ್ನೂ ಮುಟ್ಟಿದವನಲ್ಲ. ಅವನದೆಂದು ಅವಳಿಗೆ ಉಳಿದದ್ದು ಆ ಒಳ್ಳೆಯ ಹೆಸರೊಂದೇ.

ಸುದ್ದಿ ಕೇಳಿ ರೋಹಿತ ಸರ್ ಕ್ಯಾಮರಾ ಹಿಡಿದು ಬಂದರು. ಹುಳವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಮುಖವರಳಿಸಿದರು. ಅದು ಅವರ ಕೈಗಡಿಯಾರದ ಮೇಲೆ ಹರಿಯುತ್ತಿತ್ತು.

"ನೋಡಿ, ನಮ್ಮ ನಕ್ಷೆ ಮೊದಲೇ ಹೇಳಿತ್ತು! ನಿಮ್ಮ ಹಿತ್ತಲಿಗೆ ಒಂದು ಚುಕ್ಕೆ ಹಾಕ್ತೇನೆ. ಶಾಂತಾರಾಮ ಇದ್ದಿದ್ದರೆ ಎಷ್ಟು ಖುಷಿಪಡ್ತಿದ್ದ!"

ಗೋದಾವರಿ ಈಗ ಬಾಯಿ ಬಿಟ್ಟಳು.

"ಚುಕ್ಕೆ ಹಾಕೂಕೆ ಅದು ತಾನಾಗಿ ಬಂದದ್ದಾ? ನೀವು ಸುಡು ಅಂದು ಕೊಟ್ಟ ಹುಳ. ಸೋಮವಾರ ಅಂತ ಇವರು ಉಳಿಸಿದ್ರು." ಬೇಲಿಯಾಚೆ ನಿಂತಿದ್ದ ಕೇಶವನತ್ತ ತಿರುಗಿದಳು. "ಹಿತ್ತಲಿಗೆ ಸುರಿದವ ನೀನು. ಅಣ್ಣನ ಮೀಸೂಕೆ ಬಾಲ್ದಿ ಬೇಕಿತ್ತು."

ಕೇಶವ ತನ್ನ ಅಂಗೈ ನೋಡಿಕೊಂಡ. ಲುಂಗಿಗೆ ಒರೆಸಿಕೊಂಡ.

ಸರ್ ಹುಳವನ್ನು ಕೈಗಡಿಯಾರದಿಂದ ಬಿಡಿಸಿ ಬೇಲಿಯ ಮೇಲೆ ಇಟ್ಟರು. ಆಮೇಲೆ, "ಹೇಗೆ ಬಂದರೂ ಬದುಕಿದೆಯಲ್ಲಮ್ಮ. ಬದುಕಬಹುದು ಅಂತಲೇ ನಕ್ಷೆ ಹೇಳಿದ್ದು. ಅದು ಸರಿಯೇ" ಎಂದರು. ಚುಕ್ಕೆ ಹಾಕಿಕೊಂಡರು. ನೀರು ಕೇಳಿ ಕುಡಿದು ಹೋದರು. ಆ ಲೋಟವನ್ನು ಅವಳು ಬೂದಿ ಹಾಕಿ ಮೂರು ಸಲ ತಿಕ್ಕಿದಳು.

ಕೇಶವ ಈಗ ಶಾಪ ಹಾಕುವುದಿಲ್ಲ. ಆದರೆ ಮಾತು ಬೇಲಿ ದಾಟಿತ್ತು. ಶೆಟಗೇರಿಯಿಂದ ಸೊಪ್ಪು ತರುವ ಸುಕ್ರಿ ಬುಟ್ಟಿ ಇಳಿಸುತ್ತಲೇ, "ಶಾಂತಾರಾಮನ ಹುಳ ನಮ್ಮಲ್ಲೂ ಬಂತಲ್ಲೇ ಅಮ್ಮಾ" ಅನ್ನುತ್ತಾಳೆ. ಬೆಳಂಬಾರದವರೆಗೂ ಅದಕ್ಕೆ ಅದೇ ಹೆಸರು.

ಈಗಲೂ ಬೆಳಗಾದರೆ, ಚಾ ಕುಡಿಯುವ ಮೊದಲು, ಗೋದಾವರಿ ಅದೇ ಬಾಲ್ದಿಯಲ್ಲಿ ಉಪ್ಪು ಕದಡಿ ಹಿತ್ತಲಿಗಿಳಿಯುತ್ತಾಳೆ. ಮೂಗಿಗೆ ಸೆರಗು ಕಟ್ಟಿ, ಇಕ್ಕಳದಲ್ಲಿ ಒಂದೊಂದೇ ಹೆಕ್ಕಿ ಹಾಕುತ್ತಾಳೆ. ನೊರೆ ಉಕ್ಕುತ್ತದೆ. ಸೋಮವಾರ ಮೊದಲ ಹುಳ ಎತ್ತುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಅದನ್ನೂ ಹಾಕುತ್ತಾಳೆ.