ಒಳಕಿಸೆಯ ಗುಂಡಮ್ಮ

ಹೈದರಾಬಾದಿನಲ್ಲಿ ಯಾವ ಕಟ್ಟಡದ ಕೆಲಸ ನಡೆಯುವಲ್ಲಿಗೆ ಹೋದರೂ ಹೆಂಗಸರ ಉಡುಪು ಒಂದೇ: ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಬಿಸಿಲಿಗೆ, ಸಿಮೆಂಟಿಗೆ, ಕಬ್ಬಿಣದ ಸರಳಿನ ತುದಿಗೆ, ಕೆಳಗೆ ನಿಂತವರ ಕಣ್ಣಿಗೆ ಅದೊಂದೇ ತಡೆ. ಗಂಡನದೋ ಮೈದುನನದೋ ಕಾಲರು ಸವೆದ ಅಂಗಿ ಹೀಗೆ ಹೆಂಗಸಿನ ಮೈಗೆ ಬರುತ್ತದೆ. 2004ರ ಸುಮಾರಿಗೆ ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದಾಗ, ಕೂಕಟ್‌ಪಲ್ಲಿಯ ಅಂಚಿನ ಕೂಲಿ ಶೆಡ್ಡುಗಳಲ್ಲಿ ಇಂಥ ಅಂಗಿಗಳು ಮೊದಲು ಗುಂಡಮ್ಮನ ಸೂಜಿ ದಾಟಿಯೇ ಕೆಲಸಕ್ಕೆ ಹೋಗುತ್ತಿದ್ದವು.

ಗುಂಡಮ್ಮ ಶಹಾಪುರದ ಕಡೆಯವಳು. ಗಂಡ ತಾಯಪ್ಪ ಸರಳು ಕಟ್ಟುವ ಕೆಲಸದವನು. ಅವಳದು ಬುಟ್ಟಿ ಹೊರುವ ಕೆಲಸ. ಹೊಲಿಗೆ ಕಲಿತದ್ದು ತಾಯಿಯ ಎಲೆಅಡಿಕೆ ಚಂಚಿ ನೋಡಿ. ಮಡಿಕೆಯೊಳಗೆ ಮಡಿಕೆ ಇದ್ದ ಆ ಚಂಚಿಯಲ್ಲಿ ಸುಣ್ಣದ ಡಬ್ಬಿ ಎಲ್ಲಿದೆ ಎಂಬುದು ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಂತೆ.

ಭಾನುವಾರ ಹೆಂಗಸರು ಅಂಗಿ ಹಿಡಿದು ಬರುತ್ತಿದ್ದರು. ಗುಂಡಮ್ಮ ಕಾಲರು ಕತ್ತರಿಸುತ್ತಿದ್ದಳು, ಕಂಕುಳಲ್ಲಿ ತುಂಡು ಕೂಡಿಸಿ ಕೈ ಎತ್ತಲು ಸಡಿಲ ಮಾಡುತ್ತಿದ್ದಳು, ಮೊಲೆಯುಣಿಸುವವರಿಗೆ ಪಕ್ಕದಲ್ಲಿ ಸೀಳು ಬಿಟ್ಟು ಗುಂಡಿ ಹಚ್ಚುತ್ತಿದ್ದಳು. ಕೂಲಿ ಎಂದು ತೆಗೆದುಕೊಳ್ಳುತ್ತಿದ್ದದ್ದು ಕತ್ತರಿಸಿದ ಕಾಲರು ಮಾತ್ರ. ಕಾಲರುಗಳನ್ನೇ ಜೋಡಿಸಿ ಅವಳೊಂದು ಕೌದಿ ಹೊಲಿದಿದ್ದಳು.

ಕೊನೆಗೆ ಕಿಸೆ. ಅಂಗಿಯ ಒಳಗೆ, ಹೊರಗಿನಿಂದ ಗೆರೆಯೂ ಕಾಣದಂಥ ಒಳಕಿಸೆ. ಅದಕ್ಕೆ ಮಾತ್ರ ಹೆಂಗಸೊಬ್ಬಳನ್ನೇ ತಾಡಪತ್ರಿಯ ಹಿಂದೆ ಕರೆದೊಯ್ದು, ಕಣ್ಣು ಮುಚ್ಚಿ ಅಂಗಿಯೊಳಗೆ ಕೈ ಹಾಕು ಎನ್ನುವಳು. ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಇಟ್ಟಿಗೆಯ ಚೂರಿನಿಂದ ಗುರುತು ಹಾಕುವಳು. ಒಂದು ನಿಯಮವಿತ್ತು. ಇಬ್ಬರಿಗೆ ಒಂದೇ ಜಾಗದಲ್ಲಿ ಕಿಸೆ ಹೊಲಿಯುವುದಿಲ್ಲ.

“ಒಬ್ಬಾಕಿ ಗಂಡಗ ಗೊತ್ತಾತಂದ್ರ ಎಲ್ಲಾರ ಗಂಡರಿಗೂ ಗೊತ್ತಾದಂಗ,” ಎನ್ನುತ್ತಿದ್ದಳು.

“ನಿನ್ನ ಗಂಡಗ ನಿಂದು ಗೊತ್ತೈತೇನು, ಗುಂಡಕ್ಕಾ?” ಎಂದು ಪಕ್ಕದ ಶೆಡ್ಡಿನ ನೀಲಾ ಕೆಣಕುವಳು.

“ಹದಿನೆಂಟು ವರ್ಷ ಆತು ಹುಡುಕಾಕತ್ತಾನ. ಇನ್ನೂ ಕಾಲರಿನಾಗ ಅದಾನ.”

ಆ ಕಿಸೆಗಳಲ್ಲಿ ಇರುತ್ತಿದ್ದದ್ದು ಮಹಾ ಏನಲ್ಲ. ಹಾಜರಿ ಚೀಟಿ, ತಲೆನೋವಿನ ಗುಳಿಗೆ, ತವರಿನ ಫೋನ್ ನಂಬರು, ಗಂಡನ ಕಣ್ಣಿಗೆ ಬೀಳಬಾರದ ಒಂದೆರಡು ನೋಟು. ಮೂವತ್ತಕ್ಕೂ ಹೆಚ್ಚು ಹೆಂಗಸರ ಕಿಸೆ ಎಲ್ಲೆಲ್ಲಿದೆ ಎಂಬುದು ಗುಂಡಮ್ಮನಿಗೆ ನೆನಪಿತ್ತು. ಬರೆದಿಡಲು ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಮೂವತ್ತೇಳನೆಯ ವಯಸ್ಸಿಗೆ ಕುತ್ತಿಗೆ ಕೈಕೊಟ್ಟಿತು. ಬೆಳಗ್ಗೆ ಎದ್ದರೆ ಬಲಗೈ ಬೆರಳು ಜೋಮು. ಸರಕಾರಿ ದವಾಖಾನೆಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಇನ್ನು ತಲೆಯ ಮೇಲೆ ಏನೂ ಹೊರಬಾರದು ಎಂದರು. ತಲೆಯ ಮೇಲೆ ಹೊರದ ಹೆಂಗಸಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಒಬ್ಬನ ಕೂಲಿಯಲ್ಲಿ ಇಬ್ಬರು ಪಟ್ಟಣದಲ್ಲಿರುವುದು ಆಗದು, ನೀನು ಊರಿಗೆ ಹೋಗು ಎಂದು ತಾಯಪ್ಪ ಹೇಳಿದ. ಊರಿನಲ್ಲಿ ಇದ್ದದ್ದು ಮೈದುನನ ಮನೆ, ಅಲ್ಲಿ ಅವಳ ಪಾಲಿಗೆ ಒಂದು ಮೂಲೆ. ಗುಂಡಮ್ಮನಿಗೆ ಅದು ಬೇಡವಾಗಿತ್ತು. ಬೇರೆ ಕೆಲಸವೆಂದರೆ ಅವಳಿಗೆ ಗೊತ್ತಿದ್ದದ್ದು ಹೊಲಿಗೆಯೊಂದೇ.

ಬೀದರಿನಿಂದ ಬಂದು ಕೂಕಟ್‌ಪಲ್ಲಿಯಲ್ಲಿ ಅಂಗಡಿ ಇಟ್ಟಿದ್ದ ಟೇಲರ್ ಚನ್ನಬಸಪ್ಪ ಅವಳಿಗೆ ಒಂದು ತಿಂಗಳು ಕಾಲುಮಷಿನ್ ಕಲಿಸಿದರು. ಜೀಡಿಮೆಟ್ಲಾದ ಒಂದು ಹೊಲಿಗೆ ಘಟಕದಲ್ಲಿ ಹೆಂಗಸರು ಬೇಕಾಗಿದ್ದಾರೆ ಎಂದು ತಿಳಿಸಿದವರೂ ಅವರೇ. ಐಟಿ ಕಂಪನಿಗಳಲ್ಲಿ ಕಸಗುಡಿಸುವ, ಗಾಜು ಒರೆಸುವ ಹೆಂಗಸರು ಸೀರೆಯ ಮೇಲೆ ತೊಡುವ ನೀಲಿ ಕೋಟು ಅಲ್ಲಿ ತಯಾರಾಗುತ್ತಿತ್ತು.

ಘಟಕದ ಸೂಪರ್‌ವೈಸರ್ ಸೀತಾರಾಮ ತೆಲುಗಿನವರು. ಹೆಂಡತಿಯ ತವರು ರಾಯಚೂರಾದ್ದರಿಂದ ಕನ್ನಡ ಬರುತ್ತಿತ್ತು. ಅವರು ಗುಂಡಮ್ಮನ ಮುಂದೆ ಕತ್ತರಿಸಿದ ಹತ್ತು ಕೋಟು ಇಟ್ಟು, ಹೊಲಿದು ತೋರಿಸು, ಸರಿ ಬಂದರೆ ಸೋಮವಾರದಿಂದ ಕೆಲಸ ಎಂದರು.

“ಇವು ಯಾರ ಮೈಗೆ ರೀ?” ಗುಂಡಮ್ಮ ಕೇಳಿದಳು.

“ಯಾರ ಮೈಗಾದ್ರೂ. ಅಳತಿ ಅದರ ಮ್ಯಾಲೇ ಐತಿ.”

ಅವಳು ಕೋಟು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲಿಯೂ ಕಿಸೆ ಇರಲಿಲ್ಲ. ದಿನವಿಡೀ ದುಡಿಯುವ ಹೆಂಗಸಿನ ಬಟ್ಟೆಗೆ ಕಿಸೆ ಇಲ್ಲವೆಂದರೆ ಕತ್ತರಿಸಿದವನು ಮರೆತಿದ್ದಾನೆ ಎಂದೇ ಅವಳು ತಿಳಿದಳು. ಕೇಳಿ ಅವನಿಗೆ ಬೈಸುವುದೇಕೆ ಎಂದು ಸುಮ್ಮನಾದಳು. ಬುಟ್ಟಿಗೆ ಬಿದ್ದಿದ್ದ ತುಂಡುಗಳನ್ನೇ ಆಯ್ದು ಹತ್ತೂ ಕೋಟುಗಳಿಗೆ ಒಳಕಿಸೆ ಹಚ್ಚಿದಳು, ಹತ್ತನ್ನೂ ಬೇರೆ ಬೇರೆ ಜಾಗದಲ್ಲಿ. ಮೂರು ದಿನ ಹಿಡಿಯಿತು.

ಇಸ್ತ್ರಿ ಮಾಡುವವನಿಗೆ ಬಟ್ಟೆ ಒಂದು ಕಡೆ ದಪ್ಪವಾಗಿ ತಗುಲಿತು. ಅವನು ಸೀತಾರಾಮರನ್ನು ಕರೆದ. ಅವರು ಕೋಟನ್ನು ಒಳಹೊರಗು ಮಾಡಿದರು, ಬೆಳಕಿಗೆ ಹಿಡಿದರು. ಕಿಸೆಯ ಬಾಯಿ ಸಿಗಲಿಲ್ಲ. ಗುಂಡಮ್ಮ ಬಂದು ಎರಡು ಬೆರಳು ಹಾಕಿ ತೋರಿಸಿದಳು.

“ಯಾರು ಹೇಳಿದ್ರು ನಿನಗ ಇದನ್ನ ಹಚ್ಚಂತ?”

“ಮರ್ತಿದ್ರಲ್ಲ ರೀ, ಅದಕ್ಕ ನಾನೇ…”

“ಮರ್ತಿಲ್ಲಮ್ಮಾ. ಬ್ಯಾಡ ಅಂತನೇ ಇಲ್ಲ. ಕಿಸೆ ಇದ್ರ ಆಫೀಸಿನಾಗಿಂದು ಏನೇನ್ ಹೊರಗ ಹೋಗ್ತೈತೋ! ಕಂಪನಿಯೋರು ಬರದು ಕೊಟ್ಟಾರ, ನೋ ಪಾಕೆಟ್ ಅಂತ. ಎಲ್ಲಾ ಬಿಚ್ಚು.”

ಅವಳು ಅಲ್ಲೇ ಕುಳಿತು ಬಿಚ್ಚತೊಡಗಿದಳು. ಸೀತಾರಾಮ ಎದುರಿಗೇ ನಿಂತಿದ್ದರು. ಒಂದೊಂದು ಕೋಟಿನ ಕಿಸೆ ಎಲ್ಲಿದೆ ಎಂದು ತಾವೇ ಊಹಿಸುವುದು, ತಪ್ಪುವುದು, ಮತ್ತೆ ಅವಳು ತೋರಿಸುವುದು ನಡೆಯಿತು. ಐದನೆಯ ಕೋಟಿನ ಹೊತ್ತಿಗೆ ಅವರ ಸಿಟ್ಟು ಇಳಿದಿತ್ತು. ಕುರ್ಚಿ ಎಳೆದುಕೊಂಡು ಕುಳಿತರು.

“ಹೆಣ್ಮಕ್ಕಳು ಮತ್ತ ಎಲ್ಲೆಲ್ಲಿ ಇಟ್ಕೊಂತೀರಿ?”

ತನ್ನ ಕೈಚಳಕ ಅವರಿಗೆ ಹಿಡಿಸಿತು ಎಂದು ಗುಂಡಮ್ಮ ಭಾವಿಸಿದಳು. ಕೆಲಸ ಇನ್ನೂ ಉಳಿದೀತು ಎನಿಸಿತು. ಎಲ್ಲ ಹೇಳಿದಳು. ಲಂಗದ ಲಾಡಿಯ ಕೊಳವೆಯಲ್ಲಿ ಎಂದಳು. ಕುಪ್ಪಸದ ಕಂಕುಳ ತುಂಡಿನ ಹಿಂದೆ, ತುರುಬಿನ ಒಳಗೆ, ಸೀರೆಯ ನಿರಿಗೆ ಸಿಕ್ಕಿಸುವಲ್ಲಿ ಎರಡನೆಯ ಮಡಿಕೆಯಲ್ಲಿ ಎಂದಳು. ಚೂಡಿದಾರದವರಾದರೆ ಎಲ್ಲಿ ಎಂಬುದನ್ನೂ ಯೋಚಿಸಿ ಹೇಳಿದಳು. ಅವಳ ಹೊಲಿಗೆಯ ಬಗ್ಗೆ ಇಷ್ಟು ಹೊತ್ತು ಕುಳಿತು ಕೇಳಿದ ಗಂಡಸು ಅವರೇ ಮೊದಲು.

“ಸೋಮವಾರ ಬಾ,” ಎಂದರು ಸೀತಾರಾಮ. “ಮಷಿನ್ನಿಗಲ್ಲ. ಗೇಟಿಗೆ. ಅರವತ್ತು ಮಂದಿ ಹೆಣ್ಮಕ್ಕಳು ಅದಾರ. ದಾರದ ರೀಲು, ಸೂಜಿ, ಇಲಾಸ್ಟಿಕ್ಕು ದಿನಾ ಕಮ್ಮಿ ಬೀಳ್ತಾವ. ಸಂಜಿಮುಂದ ಒಬ್ಬೊಬ್ಬರನ್ನ ತಡವಿ ನೋಡಿ ಬಿಡೋದು. ನಿನ್ನಷ್ಟು ಗೊತ್ತಿದ್ದೋರು ನನಗ ಎಲ್ಲಿ ಸಿಗಬೇಕು?”

ಗುಂಡಮ್ಮ ಭಾನುವಾರವಿಡೀ ಯೋಚಿಸಿದಳು. ಸೋಮವಾರ ಹೋದಳು. ಕೂರಲು ಸ್ಟೂಲು, ಮೇಲೊಂದು ಫ್ಯಾನು, ತಲೆಯ ಮೇಲೆ ಭಾರವಿಲ್ಲ.

ಮೊದಲ ತಿಂಗಳಲ್ಲೇ ಏಳು ಜನ ಸಿಕ್ಕಿಬಿದ್ದರು. ಅವರು ಅವಳಿಗೆ ಗುರುತಿಲ್ಲದವರು. ಆ ಬೇಸಿಗೆಯಲ್ಲಿ ಕಟ್ಟಡದ ಕೆಲಸ ಮುಗಿದು ನೀಲಾ ಖಾಲಿ ಕುಳಿತಾಗ, ಘಟಕದಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಅವಳನ್ನು ಸೇರಿಸಿದವಳು ಗುಂಡಮ್ಮನೇ. ಸೀರೆಯ ಮೇಲೆ ಗುಂಡಮ್ಮ ಒಳಕಿಸೆ ಹಚ್ಚಿದ್ದ ಅದೇ ಅಂಗಿ ತೊಟ್ಟೇ ನೀಲಾ ಬರುತ್ತಿದ್ದಳು. ಪ್ರತಿ ಸಂಜೆ ಗುಂಡಮ್ಮನ ಕೈ ಅವಳ ಮೈಮೇಲೆ ಎಲ್ಲ ಕಡೆ ಆಡುತ್ತಿತ್ತು, ಎಡಪಕ್ಕೆಯ ಒಂದು ಜಾಗ ಬಿಟ್ಟು.

“ಕಚಗುಳಿ ಇಡಬ್ಯಾಡ ಗುಂಡಕ್ಕಾ, ನಕ್ಕುಬಿಡ್ತೀನಿ,” ಎನ್ನುವಳು ನೀಲಾ.

ಒಂದು ಸಂಜೆ ಸೀತಾರಾಮ ಗೇಟಿನ ಬಳಿಯೇ ನಿಂತರು. ಮಾಲಿಕರು ಬರುವವರಿದ್ದರು. ಹೆಂಗಸರ ಸಾಲು ಬೇಗ ಬೇಗ ಸಾಗಿತು. ನೀಲಾಳ ಸರದಿ ಬಂದಾಗ ಗುಂಡಮ್ಮನ ಬೆರಳು ನೇರವಾಗಿ ಎಡಪಕ್ಕೆಗೆ ಹೋಯಿತು. ಕಿಸೆಯಿಂದ ಹೊರಬಂದದ್ದು ಅಂಗೈಯಗಲದ ನೀಲಿ ಬಟ್ಟೆ, ಕಸದ ಬುಟ್ಟಿಗೆ ಹೋಗಬೇಕಿದ್ದ ತುಂಡು. ತಂಗಿಯ ಅಂಗಿಗೆ ಕಿಸೆ ಮಾಡಿಸಲೆಂದು ನೀಲಾ ಅದನ್ನು ಎತ್ತಿಕೊಂಡಿದ್ದಳು. ಹೊಲಿಯಬೇಕಾದವಳು ಗುಂಡಮ್ಮನೇ ಆಗಿದ್ದಳು.

“ಚಿಂದಿನೂ ಕಂಪನೀದೇ,” ಎಂದರು ಸೀತಾರಾಮ. ನೀಲಾಳನ್ನು ಅಲ್ಲಿಂದಲೇ ಕಳುಹಿಸಿದರು.

ನೀಲಾ ಅಳಲಿಲ್ಲ, ಬೈಯಲಿಲ್ಲ. “ಆ ಜಾಗ ನಿನಗ ಬಿಟ್ಟು ಯಾರಿಗೂ ಗೊತ್ತಿರಲಿಲ್ಲಲ್ಲ, ಅಕ್ಕಾ,” ಎಂದಷ್ಟೇ ಹೇಳಿ ಬಸ್‌ಸ್ಟಾಪಿನ ಕಡೆ ನಡೆದಳು.

“ನಾ ಬೇಕಂತ ತಗೀಲಿಲ್ಲ ರೀ. ಕೈ ಹೋತು,” ಎಂದು ಗುಂಡಮ್ಮ ಈಗಲೂ ಕೇಳಿದವರಿಗೆ ಹೇಳುತ್ತಾಳೆ. “ಸಾಹೇಬರು ನಿಂತಿದ್ರು,” ಎಂದೂ ಸೇರಿಸುತ್ತಾಳೆ.

ಮುಂದಿನ ಭಾನುವಾರ ಯಾರೂ ಅಂಗಿ ತರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳ ಕೈಯಲ್ಲಿ ಕಿಸೆ ಹೊಲಿಸಿಕೊಂಡಿದ್ದವರು ಮನೆಯಲ್ಲೇ ಕುಳಿತು ಅದನ್ನು ಬಿಚ್ಚಿ, ಬೇರೆ ಕಡೆ ತಾವೇ ಹಚ್ಚಿಕೊಂಡರು. ತಾಯಪ್ಪ, “ಊರಿಗೆ ಹೋಗಂದ್ರ ಕೇಳಲಿಲ್ಲ. ಈಗ ಇಲ್ಲೇ ಪರದೇಶಿ ಆದಿ ನೋಡು,” ಎಂದ.

ಗುಂಡಮ್ಮ ಗೇಟಿನ ಕೆಲಸ ಬಿಟ್ಟಿಲ್ಲ. ಸಂಬಳ ಒಮ್ಮೆ ಏರಿದೆ. ಬೆಳಗ್ಗೆ ನೀರಿನ ಟ್ಯಾಂಕರು ಬಂದಾಗ ಸಾಲಿನಲ್ಲಿ ಅವಳ ಮುಂದೆ ನಿಂತವರ ಅಂಗಿಗಳ ಹೊಲಿಗೆ ಕಣ್ಣಿಗೆ ಬೀಳುತ್ತದೆ: ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ದಾರದ ಗಂಟು ಹೊರಗೇ ಕಾಣುತ್ತದೆ. ಒಮ್ಮೆ ತಡೆಯಲಾರದೆ, ಮುಂದಿದ್ದ ಎಳೆಯ ಬಾಣಂತಿಯೊಬ್ಬಳಿಗೆ, “ತಂಗೀ, ಅದು ಎಂಟು ದಿನಾನೂ ತಾಳಂಗಿಲ್ಲ. ಬಿಚ್ಚಿ ಕೊಡು, ನಾ ಹಾಕಿ ಕೊಡ್ತೀನಿ,” ಎಂದಳು.

ಆ ಹುಡುಗಿ ಕೊಡ ಕೆಳಗಿಟ್ಟು, ಸೆರಗನ್ನು ಅಂಗಿಯ ಮೇಲೆ ಎರಡು ಸುತ್ತು ಹೊದ್ದುಕೊಂಡು, ಸಾಲು ಬಿಟ್ಟು ಹಿಂದೆ ಹೋಗಿ ನಿಂತಳು.